ಛಾವಣಿಯ ಕಡಲಹಕ್ಕಿಗೆ, ಕೆಳಗಿನ ಒದ್ದೆ ಕೋಣೆಯಿಂದ

ಶ್ರೀಮತಿ ಕಡಲಹಕ್ಕಿಯವರ ಸನ್ನಿಧಾನಕ್ಕೆ,
ಹೊಗೆಗೂಡಿನ ಮಗ್ಗುಲು, ಛಾವಣಿಯಂಚಿನ ಮಳೆನೀರಿನ ದೋಣಿ,
ಟಾರ್ ಬೀದಿ, ಸ್ಕಾರ್ಬರೋ.

ಮಾನ್ಯರೇ,

ತಮ್ಮ ಗೂಡಿನ ನೇರ ಕೆಳಗೆ, ಮೂರನೆಯ ಮಹಡಿಯಲ್ಲಿ ಬಾಡಿಗೆಗಿರುವ ನೋರೀನ್ ಸಗ್ಡನ್ ಎಂಬ ಬಸ್ ಚಾಲಕಿಯು, ತಾವು ಮೇಲಿನಿಂದ ಆಗಾಗ ಕರುಣಿಸುವ ಬಿಳಿಯ ಪ್ರಸಾದ ತಲೆಯ ಮೇಲೆ ಬೀಳದಂತೆ ಕೊಡೆ ಹಿಡಿದುಕೊಂಡೇ ಮಾಡುವ ನಮಸ್ಕಾರಗಳು. ನಾವು ಇಲ್ಲಿ ಒದ್ದೆಯಾಗಿಯೇ ಇದ್ದರೂ ಒಂದು ಮಟ್ಟಿಗೆ ಕ್ಷೇಮ. ತಾವೂ ತಮ್ಮ ಯಜಮಾನರೂ ಮಕ್ಕಳೂ ಕ್ಷೇಮವಾಗಿದ್ದೀರೆಂಬುದು ನಸುಕಿನಲ್ಲೇ ಶುರುವಾಗುವ ತಮ್ಮ ಕುಟುಂಬ ಸಂಭಾಷಣೆಯಿಂದ ಬೀದಿಗೆಲ್ಲ ತಿಳಿಯುವುದರಿಂದ ಪ್ರತ್ಯೇಕವಾಗಿ ವಿಚಾರಿಸುತ್ತಿಲ್ಲ. ಕಳೆದ ವಾರ ತಮ್ಮ ಯಜಮಾನರು ನನ್ನ ಕೈಯಿಂದಲೇ ಸ್ವೀಕರಿಸಿದ ಕರಿದ ಮೀನಿಗೆ ವಿನಿಗರ್ ತುಸು ಹೆಚ್ಚಾಗಿತ್ತು. ಅದಕ್ಕಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಈ ಪತ್ರವನ್ನು ಬಹಿರಂಗವಾಗಿ, ಕಡಲದಂಡೆಯ ಬಸ್ ತಂಗುದಾಣದ ಗಾಜಿಗೆ ಅಂಟಿಸುತ್ತಿರುವುದಕ್ಕೆ ಕಾರಣವಿದೆ. ತಮಗೆ ಖುದ್ದಾಗಿ ತಲುಪಿಸೋಣವೆಂದರೆ, ಛಾವಣಿಯ ಕಿಂಡಿಯಿಂದ ತಲೆ ಹೊರಹಾಕಿದವರಿಗೆ ತಾವು ಕೊಡುವ ಸತ್ಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಮಲಗುವ ಕೋಣೆಯ ಗೋಡೆಯ ಮೇಲಿನ ಮೂಲೆಯಲ್ಲಿ ಮೊದಲು ಒಂದು ಚಹಾದ ಕಲೆಯಂಥದ್ದು ಕಾಣಿಸಿಕೊಂಡು, ಅದು ನಿಧಾನವಾಗಿ ಕೆಳಗಿಳಿದು, ಮಂಚದ ತಲೆದೆಸೆಗೆ ಬಂದು, ಆಮೇಲೆ ಬೀರುವಿನ ಹಿಂದೆ ಹೋಗಿ ಅಲ್ಲಿ ಕಪ್ಪಗೆ ಬೂಷ್ಟು ಬೆಳೆಸಿ, ನನ್ನ ಮದುವೆಯ ಬಿಳಿಯ ಬೂಟುಗಳನ್ನು ಪಾಚಿಬಣ್ಣಕ್ಕೆ ತಿರುಗಿಸಿದ ಮೇಲೆ ನಾನು ನಮ್ಮ ಮನೆಯೊಡೆಯರಾದ ಗಾಡ್‌ಫ್ರೀ ಲಂಬ್ ಅವರನ್ನು ಕರೆಸಿದೆ. ಲಂಬ್ ಸಾಹೇಬರು ಒಳ್ಳೆಯ ಮನುಷ್ಯರು. ಬಾಡಿಗೆ ಏರಿಸುವಾಗಲೂ ನಗುತ್ತಲೇ ಏರಿಸುತ್ತಾರೆ. ಗೋಡೆಯನ್ನು ಬೆರಳಿನಿಂದ ಒತ್ತಿ, ಆ ಬೆರಳನ್ನು ನಮ್ಮ ಪರದೆಗೆ ಒರೆಸಿ, "ಇದು ಕಟ್ಟಡದ ತೊಂದರೆ ಅಲ್ಲಮ್ಮ, ನಿಮ್ಮದು. ಉಸಿರಾಡ್ತೀರಲ್ಲ, ಅದೇ ಹೋಗಿ ಗೋಡೆ ಮೇಲೆ ಕೂತ್ಕೊಳ್ಳುತ್ತೆ" ಎಂದು ತೀರ್ಪು ಕೊಟ್ಟರು. ಗಂಡ ಹೆಂಡತಿ ಇಬ್ಬರೂ ಉಸಿರಾಡುವ ಅಭ್ಯಾಸ ಇಟ್ಟುಕೊಂಡೇ ಮನೆಗೆ ಬಂದೆವೆಂದೂ, ಒಪ್ಪಂದಕ್ಕೆ ಸಹಿ ಹಾಕುವಾಗ ಅದನ್ನು ತಿಳಿಸದೆ ಇದ್ದದ್ದು ನಮ್ಮ ತಪ್ಪೇ ಇರಬಹುದೆಂದೂ ನಾನು ಒಪ್ಪಿಕೊಂಡೆ.

ಅವರು ಹೇಳಿದ್ದನ್ನೆಲ್ಲ ಮಾಡಿದೆವು ಮಾನ್ಯರೇ. ಆಲೂಗೆಡ್ಡೆ ಬೇಯಿಸುವ ಪಾತ್ರೆಗೆ ಮುಚ್ಚಳ ಹಾಕಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆವು. ಒದ್ದೆ ಟವೆಲ್ಲುಗಳನ್ನು ನಾನು ಬಸ್ಸಿಗೇ ಒಯ್ದು ಹಿಂದಿನ ಸೀಟುಗಳ ಮೇಲೆ ಹರವಿದೆ, ಪ್ರಯಾಣಿಕರೊಬ್ಬರು ಮುಖ ಒರೆಸಿಕೊಂಡರು ಕೂಡ. ಜನವರಿಯ ಚಳಿಯಲ್ಲಿ ಕಿಟಕಿ ತೆರೆದಿಟ್ಟು, ಉಣ್ಣೆಯ ಟೋಪಿ ಹಾಕಿಕೊಂಡು ಮಲಗಿದೆವು. ಗೋಡೆ ಮಾತ್ರ ತನ್ನ ಪಾಡಿಗೆ ತಾನು ಅಳುತ್ತಲೇ ಇತ್ತು.

ಎರಡನೆಯ ಸಲ ಬಂದಾಗ ಲಂಬ್ ಸಾಹೇಬರ ಕಣ್ಣಿಗೆ ಯೂಫೋನಿಯಂ ಬಿತ್ತು. ತಾವು ಮೇಲಿನಿಂದ ಕೇಳಿಯೇ ಇರುತ್ತೀರಿ. ಅದು ನನ್ನ ಗಂಡ ಕ್ಲಿಫ್‌ನ ವಾದ್ಯ, ಎಳೆಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿದು ಊದುವ ದೊಡ್ಡ ಹಿತ್ತಾಳೆ ಕಹಳೆ. ಅವನು ಹುಡುಗನಾಗಿದ್ದಾಗಿನಿಂದಲೂ ಊರಿನ ಹಿತ್ತಾಳೆ ಬ್ಯಾಂಡಿನಲ್ಲಿದ್ದಾನೆ. ಕೋಲ್ಡ್ ಸ್ಟೋರೇಜಿನ ಕೆಲಸ ಹೋದ ಮೇಲೆ ಅವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ನಾನಲ್ಲ, ಆ ವಾದ್ಯ. ಊದಿ ಮುಗಿಸಿದ ಮೇಲೆ ಅದರ ಹೊಟ್ಟೆಯಲ್ಲಿ ನಿಂತ ನೀರನ್ನು ಪುಟ್ಟ ಕೀಲಿ ಒತ್ತಿ ಹೊರಬಿಡುವುದು ವಾಡಿಕೆ, ಕ್ಲಿಫ್ ಅದನ್ನು ಹಳೆಯ ಜಾಮ್ ಶೀಸೆಗೆ ಬಿಡುತ್ತಿದ್ದ. ಸಾಹೇಬರು ಆ ಶೀಸೆಯನ್ನು ಬೆಳಕಿಗೆ ಹಿಡಿದು, ಕೊಲೆಯ ಚಾಕು ಸಿಕ್ಕ ಪೊಲೀಸಿನವರಂತೆ ನನ್ನ ಕಡೆ ತಿರುಗಿ, "ನೋಡಮ್ಮಾ, ಸಿಕ್ತಲ್ಲ! ದಿನಾ ಇಷ್ಟಿಷ್ಟು ಉಸಿರು ಒಂದೇ ಕೋಣೇಲಿ ಸುರಿದ್ರೆ ನನ್ನ ಗೋಡೆ ಏನು ಕಲ್ಲಾ?" ಎಂದರು. ಗೋಡೆ ಕಲ್ಲಿನದೇ.

ಕ್ಲಿಫ್ ಜಗಳಗಂಟನಲ್ಲ. "ಹೋಗ್ಲಿ ಬಿಡೇ, ನಾನೇ ಹೊರಗೆ ಊದ್ಕೋತೀನಿ, ಗೋಡೆ ಒಣಗುತ್ತಾ ನೋಡೋಣ" ಎಂದು ವಾದ್ಯವನ್ನು ಹೊತ್ತುಕೊಂಡು ಇದೇ ತಂಗುದಾಣಕ್ಕೆ ಬಂದು ಕೂತ. ಉಳಿದ ಚಳಿಗಾಲ ಪೂರ್ತಿ ಇಲ್ಲೇ ಊದಿದ. ನಾನು ಬಸ್ ತಂದು ನಿಲ್ಲಿಸಿ ಬಾಗಿಲು ತೆರೆದರೆ, ಕೆಂಪು ಮೂಗಿನ ನನ್ನ ಗಂಡ, ಬೆರಳು ತೋರುವ ಕೈಗವಸು ಹಾಕಿಕೊಂಡು, ಸಮುದ್ರದ ಕಡೆ ಮುಖಮಾಡಿ ಕ್ರಿಸ್‌ಮಸ್ ಹಾಡು ನುಡಿಸುತ್ತಿರುವುದು ಕಾಣುತ್ತಿತ್ತು, ಮಾರ್ಚ್ ತಿಂಗಳಲ್ಲಿ. ಬೇರೆ ಹಾಡಿನ ಹಾಳೆಗಳು ಗಾಳಿಗೆ ಹಾರಿಹೋಗಿದ್ದವಂತೆ. ಯಾರೋ ಅಜ್ಜಿ ಪಕ್ಕದಲ್ಲಿ ಸಾಸೇಜ್ ರೋಲ್ ಇಟ್ಟು, "ಪಾಪ, ಮನೆಯಿಲ್ವೇನಪ್ಪಾ?" ಎಂದು ಕೇಳಿದ ದಿನ ನಾನು ಬಸ್ಸಿನ ಬಾಗಿಲು ಹಾಕಿಕೊಂಡು ಅತ್ತೆ. ಅವನು ಆ ರೋಲ್ ತಿಂದನೆಂಬುದು ಬೇರೆ ಮಾತು. ಕೆಲವು ವಾರಗಳಾದ ಮೇಲೆ ಎದೆ ಕಟ್ಟಿತು, ಊದುವುದು ನಿಂತಿತು, ಯೂಫೋನಿಯಂ ಪೆಟ್ಟಿಗೆ ಸೇರಿತು. ಗೋಡೆ ಮಾತ್ರ ಇನ್ನಷ್ಟು ಒದ್ದೆಯಾಯಿತು, ಯಾಕೆಂದರೆ ಆ ವಸಂತದಲ್ಲಿ ಮಳೆ ಜೋರಾಗಿತ್ತು.

ಅಷ್ಟರಲ್ಲಿ ಲಂಬ್ ಸಾಹೇಬರ ಅಂತಿಮ ನಿರ್ಧಾರ ಬಂತು. ಗಾರೆ ಕಿತ್ತು ಹೊಸದಾಗಿ ಮಾಡಿಸುವ ಪೂರ್ತಿ ಖರ್ಚು ನಮ್ಮದು, ಇಲ್ಲವಾದರೆ ಬೇಸಿಗೆ ಮುಗಿಯುವುದರೊಳಗೆ ಮನೆ ಬಿಡಬೇಕು. ಬಿಟ್ಟರೆ ಎಲ್ಲಿಗೆ? ಈ ಊರಿನಲ್ಲಿ ಖಾಲಿಯಾದ ಮನೆಗಳೆಲ್ಲ ರಜೆಗೆ ಬರುವವರ ಪಾಲು, ಬಸ್ ಓಡಿಸುವವಳಿಗೆ ಉಳಿದಿರುವುದು ಬಸ್ಸೊಂದೇ. ನಾನು ನಗರಸಭೆಗೆ ದೂರು ಕೊಟ್ಟೆ. ಅವರು ಕುಮಾರಿ ಆಸ್ಕ್ವಿತ್ ಎಂಬ ಮನೆ ತಪಾಸಣೆಯ ಅಧಿಕಾರಿಯನ್ನು ಕಳಿಸಿದರು. ಇಲ್ಲಿಂದ ಮುಂದೆ ತಮ್ಮ ಪಾತ್ರ ಬರುತ್ತದೆ, ದಯವಿಟ್ಟು ಗಮನವಿಟ್ಟು ಕೇಳಬೇಕು.

ಆಸ್ಕ್ವಿತ್ ಮೇಡಂ ಗೋಡೆಗೆ ತೇವ ಅಳೆಯುವ ಮುಳ್ಳಿನ ಯಂತ್ರ ಚುಚ್ಚಿ, ಅದು ಕೀಂಯ್ ಎಂದು ಕೂಗಿಕೊಂಡದ್ದನ್ನು ಕೇಳಿ, ಛಾವಣಿಯ ಕಿಂಡಿಯಿಂದ ತಲೆ ಹೊರಹಾಕಿದರು. ತಾವು ಅವರ ಹೆಲ್ಮೆಟ್ಟಿನ ಮೇಲೆ ಎರಡು ಸಲ ಎರಗಿ, ಮೂರನೆಯ ಸಲ ಕೊಕ್ಕಿನ ಬದಲು ಬೇರೆ ಆಯುಧ ಪ್ರಯೋಗಿಸಿದಿರಿ. ಕೆಳಗಿಳಿದು ಬಂದ ಅವರು ಭುಜ ಒರೆಸಿಕೊಳ್ಳುತ್ತಾ, "ಲಂಬ್ ಅವರೇ, ಮಳೆನೀರಿನ ದೋಣಿ ಪೂರ್ತಿ ಕಟ್ಟಿಹೋಗಿದೆ. ಎರಡು ವಾರದಲ್ಲಿ ತೆಗೆಸಿ, ಇಲ್ಲದಿದ್ರೆ ದಂಡ ಹಾಕ್ತೀನಿ" ಎಂದರು. ಆಗ ಸಾಹೇಬರ ಮುಖದಲ್ಲಿ ಒಂದು ಪುಣ್ಯಾತ್ಮನ ಕಳೆ ಬಂತು. ಎದೆಯ ಮೇಲೆ ಕೈಯಿಟ್ಟು, "ತೆಗೆಸೋಕೆ ಆಗುತ್ತಾ ಮೇಡಂ? ಮೊಟ್ಟೆ ಮರಿ ಇರೋ ಗೂಡು ಮುಟ್ಟಿದ್ರೆ ಅಪರಾಧ, ಕಾನೂನು ಕಾನೂನೇ. ಮೂರು ವರ್ಷದಿಂದ ಆ ಹಕ್ಕಿ ಅಲ್ಲೇ ಸಂಸಾರ ಮಾಡ್ಕೊಂಡಿದೆ. ಮಳೆ ಬಂದ್ರೆ ಸಾಕು, ದೋಣಿ ತುಂಬಿ ನೀರೆಲ್ಲ ನೇರ ಈ ಗೋಡೆಗೇ ಇಳಿಯುತ್ತೆ. ನಾನು ಕಣ್ಣಾರೆ ನೋಡಿದ್ದೀನಿ, ಆದ್ರೆ ನನ್ನ ಕೈ ಕಟ್ಟಿಹಾಕಿದ್ದಾರೆ!" ಎಂದು ಬಿಡಿಸಿ ಬಿಡಿಸಿ ಹೇಳಿದರು.

ನಾನು ಕ್ಲಿಫ್‌ನನ್ನು ನೋಡಿದೆ, ಕ್ಲಿಫ್ ಪೆಟ್ಟಿಗೆಯನ್ನು ನೋಡಿದ. ಆಸ್ಕ್ವಿತ್ ಮೇಡಂ ಬಹಳ ಮೃದುವಾಗಿ, "ಹಾಗಾದ್ರೆ ನೀರು ಮೇಲಿಂದ ಬರ್ತಿದೆ, ಇವರ ಉಸಿರಿಂದ ಅಲ್ಲ ಅಂತ ನಿಮಗೆ ಮೂರು ವರ್ಷದಿಂದ ಗೊತ್ತು, ಅಲ್ವಾ ಸಾರ್?" ಎಂದರು. ಸಾಹೇಬರು ಬಾಗಿಲ ಕಡೆ ಹೆಜ್ಜೆಯಿಟ್ಟರು. ಮೇಡಂ ಬಿಡಲಿಲ್ಲ. "ಚಳಿಗಾಲದಲ್ಲಿ ಗೂಡು ಖಾಲಿ ಇರುತ್ತೆ. ಆಗ ಯಾಕೆ ತೆಗೆಸ್ಲಿಲ್ಲ?" ಸಾಹೇಬರು ಸ್ವಲ್ಪ ಯೋಚಿಸಿ, "ಚಳಿಗಾಲದಲ್ಲಿ ಏಣಿ ಹತ್ತೋಕೆ ಚಳಿ ಅಲ್ವಾ ಮೇಡಂ?" ಎಂದರು. ಕ್ಲಿಫ್ ನಗುವುದನ್ನು ನಾನು ಆರು ತಿಂಗಳ ಮೇಲೆ ಕಂಡದ್ದು ಆವತ್ತೇ.

ಹೀಗಾಗಿ, ಮಾನ್ಯರೇ, ಈಗ ನಗರಸಭೆಯ ಆದೇಶ ಬಂದಿದೆ. ಗೂಡು ಖಾಲಿಯಾದ ಕೂಡಲೇ ಲಂಬ್ ಸಾಹೇಬರು ತಮ್ಮ ಸ್ವಂತ ಖರ್ಚಿನಲ್ಲಿ ದೋಣಿ ಸ್ವಚ್ಛ ಮಾಡಿಸಿ ಗೋಡೆ ಸರಿಮಾಡಿಸಬೇಕು, ಆ ಕೆಲಸ ಮುಗಿಯುವವರೆಗೆ ನಮ್ಮನ್ನು ಎಬ್ಬಿಸುವಂತಿಲ್ಲ. ಮುಗಿದ ಮೇಲೆ? ಅದನ್ನು ಆದೇಶ ಹೇಳುವುದಿಲ್ಲ. ಸಾಹೇಬರು ಮೆಟ್ಟಿಲಿಳಿಯುವಾಗ, "ಹಕ್ಕಿ ಹಾರಿಹೋಗ್ಲಿ, ಆಮೇಲೆ ನಿಮ್ಮನ್ನ ನೋಡ್ಕೋತೀನಿ" ಎಂದು ನಗುತ್ತಲೇ ಹೇಳಿ ಹೋದರು. ಅಂದರೆ ತಮ್ಮ ಗೂಡು ಇರುವವರೆಗೆ ನಮ್ಮ ಮನೆ. ಬಾಡಿಗೆ ಕೊಡದೆ, ಮುಂಗಡ ಕಟ್ಟದೆ, ಹೊತ್ತುಗೊತ್ತಿಲ್ಲದೆ ಕಿರುಚಿಕೊಂಡಿರುವ ತಮ್ಮನ್ನು ಮುಟ್ಟಲು ಯಾವ ಒಡೆಯನಿಗೂ ಧೈರ್ಯವಿಲ್ಲ. ತಿಂಗಳ ಮೊದಲ ದಿನವೇ ಬಾಡಿಗೆ ಕಟ್ಟುವ ನಮಗೆ ಉಸಿರಾಡಲೂ ಅನುಮತಿ ಬೇಕು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ನನಗೆ ತಮ್ಮ ಮೇಲೆ ಹೊಟ್ಟೆಕಿಚ್ಚು, ಅಷ್ಟೆ.

ಆದ್ದರಿಂದ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ, ತಮ್ಮ ಮೂರು ಮರಿಗಳಲ್ಲಿ ಎರಡು ಆಗಲೇ ಹಾರಿಹೋಗಿವೆ. ಮೂರನೆಯದು, ಸದಾ ದೋಣಿಯ ಅಂಚಿನಲ್ಲಿ ಕೂತು ತೂಕಡಿಸುವ ಆ ಬೂದು ಬಣ್ಣದ ಡುಮ್ಮಣ್ಣ, ಅವನನ್ನು ದಯವಿಟ್ಟು ಆತುರಪಡಿಸಬೇಡಿ. ಅವನಿಗೆ ಮೀನು ಹೆಚ್ಚು ಕೊಡಿ, ರೆಕ್ಕೆಯ ವ್ಯಾಯಾಮ ಕಡಿಮೆ ಮಾಡಿಸಿ. ಹಾರುವುದು ಅಪಾಯಕಾರಿ, ಓದಿನ ಕಡೆ ಗಮನ ಕೊಡು ಎಂದು ಬುದ್ಧಿ ಹೇಳಿ. ಸಾಧ್ಯವಾದರೆ ಇನ್ನೊಂದು ಸುತ್ತು ಮೊಟ್ಟೆಯಿಡಿ, ಚಳಿಗಾಲದಲ್ಲಿ ಕಾವು ಕೊಡಲು ನಮ್ಮ ಬಿಸಿನೀರಿನ ಚೀಲ ಕಳಿಸುತ್ತೇನೆ. ಇದೂ ಆಗದಿದ್ದರೆ ನನ್ನನ್ನೂ ಕ್ಲಿಫ್‌ನನ್ನೂ ಮರಿಗಳೆಂದು ದತ್ತು ತೆಗೆದುಕೊಳ್ಳಿ. ನಾನು ಐವತ್ತಾರರವಳು, ಅವನು ಅರವತ್ತರವನು, ಇಬ್ಬರಿಗೂ ಹಾರಲು ಬರುವುದಿಲ್ಲ. ಯಾರೂ ನಮ್ಮನ್ನು ಗೂಡಿನಿಂದ ಕದಲಿಸುವಂತಿಲ್ಲ ಎಂಬ ಒಂದು ಮಾತು ಸಿಕ್ಕರೆ ತಾವು ಕಕ್ಕಿ ಕೊಡುವ ಮೀನನ್ನೂ ಮರುಮಾತಿಲ್ಲದೆ ತಿನ್ನುತ್ತೇವೆ.

ಒದ್ದೆ ಗೋಡೆಯ ಮೇಲಾಣೆಯಾಗಿಯೂ,
ತಮ್ಮ ವಿಶ್ವಾಸಿ,
ನೋರೀನ್ ಸಗ್ಡನ್
(ಕೆಳಗಿನ ಗೂಡು)

ಮರೆತ ಮಾತು: ಪತ್ರವನ್ನು ಗಾಜಿಗೆ ಅಂಟಿಸಲು ಕೋಟು ಹಾಕಿಕೊಳ್ಳುತ್ತಿದ್ದೆ. ಆಗ ಕ್ಲಿಫ್ ಪೆಟ್ಟಿಗೆ ತೆರೆದ. ಈಗ ಗೋಡೆ ತನ್ನ ಉಸಿರಿನಿಂದ ಒದ್ದೆಯಾದದ್ದಲ್ಲ ಎಂದು ನಗರಸಭೆಗೇ ಗೊತ್ತಿದೆಯಲ್ಲ, ಇನ್ನೇಕೆ ಸುಮ್ಮನಿರಲಿ ಎಂದುಕೊಂಡು, ಇಷ್ಟು ತಿಂಗಳಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಅಷ್ಟೂ ಉಸಿರನ್ನು ಒಂದೇ ಸ್ವರಕ್ಕೆ ಸುರಿದ. ಕಿಟಕಿ ಅದುರಿತು. ಡುಮ್ಮಣ್ಣ ಬೆಚ್ಚಿಬಿದ್ದು ದೋಣಿಯಿಂದ ಜಾರಿ, ಕೆಳಗೆ ಬಿದ್ದೇಬಿಟ್ಟನೆನ್ನುವಾಗ ರೆಕ್ಕೆ ಬಿಚ್ಚಿ ಹಾರಿದ. ನಮ್ಮ ಕೊನೆಯ ಆಸರೆಯನ್ನು ನನ್ನ ಗಂಡನೇ ಊದಿ ಹಾರಿಸಿದ್ದಾಯಿತು. ಇನ್ನು ಮುಂದೆ ನಮ್ಮ ಪಾಡೇನೋ ನನಗೆ ಗೊತ್ತಿಲ್ಲ, ಭಯವಂತೂ ಇದೆ. ಆದರೂ ಅವನು ಊದುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸು ಎಂದು ನಾನೂ ಹೇಳಲಿಲ್ಲ.

ತಮ್ಮ ಮಗ ಬಂದರಿನ ಮೇಲೆ ಒಂದು ಸುತ್ತು ಹಾಕಿ, ಗುಡ್ಡದ ಮೇಲಿರುವ ಲಂಬ್ ಸಾಹೇಬರ ಸ್ವಂತ ಮನೆಯ ಛಾವಣಿಯ ಮೇಲೆ ಇಳಿದು ಕೂತಿದ್ದಾನೆ. ಅಲ್ಲಿಯ ದೋಣಿ ಅಗಲವಾಗಿದೆ, ಸಮುದ್ರ ಚೆನ್ನಾಗಿ ಕಾಣುತ್ತದೆ, ಬರುವ ವಸಂತಕ್ಕೆ ತಾವೂ ಸಂಸಾರ ಸಮೇತ ಅಲ್ಲಿಗೇ ಬಿಜಯಂಗೈಯಬೇಕೆಂದು ಪ್ರಾರ್ಥನೆ. ಗೋಡೆ ಒದ್ದೆಯಾಯಿತೆಂದು ಸಾಹೇಬರು ಕೂಗಾಡಿದರೆ, ಉಸಿರಾಡುವುದನ್ನು ಸ್ವಲ್ಪ ಕಡಿಮೆ ಮಾಡಿ ಎಂದು ತಿಳಿಸಿ.