ಎಲುಬಿನ ಓದು, ನನ್ನ ಹೆಸರಿನ ಕುರಿ

ನಾನು ಹುಟ್ಟಿದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮದುವೆಯಾಗಿ ವಡೋದರಕ್ಕೆ ಬಂದು ಐವತ್ತು ವರ್ಷದ ಮೇಲಾಯಿತು. ಯಜಮಾನರು ಹೋದ ಮೇಲೂ ಇಲ್ಲೇ ಉಳಿದಿದ್ದೇನೆ. ಇಲ್ಲಿ ಹೆದರುವಂಥದೇನೂ ನಡೆಯುವುದಿಲ್ಲ. ಲಿಫ್ಟು ಕೆಟ್ಟರೆ ಅದೇ ದೊಡ್ಡ ಸುದ್ದಿ. ಆದರೆ ಊರಿನ ಕಡೆಯಿಂದ ಏನು ಬಂದರೂ ಮೊದಲು ಮೈಮೇಲೆ ಮುಳ್ಳು ಏಳುತ್ತವೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುವಂತಾಗುತ್ತದೆ. ಹೋದ ವರ್ಷ ನಮ್ಮಣ್ಣನ ಮೊಮ್ಮಗಳು ಓದಲು ಹೊರಟಾಗಲಂತೂ ಇಂಥವು ಒಂದರ ಬೆನ್ನಿಗೆ ಒಂದು ನಡೆದವು.

ಕಣಜದೊಳಗಿನ ದನಿ

ಒಂದು ಮಧ್ಯಾಹ್ನ ಫೋನು ಬಂತು. ಎತ್ತಿದೆ.

"ನಾನು ನಿನ್ನ ಹತ್ರ ಬರ್ತೀನಿ. ಇಟ್ಕೊಂತೀಯೇನು?"

ನಮ್ಮವ್ವನ ದನಿ. ಅದೇ ಒಡಕು, ಅದೇ ಎಳೆತ. ಅದೂ ಎಲ್ಲೋ ನೆಲದ ಆಳದಿಂದ ಗುಂಯ್‌ಗುಡುತ್ತ ಬರುತ್ತಿತ್ತು. ನಮ್ಮವ್ವ ಸತ್ತು ಮೂವತ್ತು ವರ್ಷ.

"ಯವ್ವಾ, ನನ್ನ ಟೈಮ್ ಬಂತೇನು?" ಎಂದೆ.

"ಟೈಮ್ ಬಾಳ ಇಲ್ಲಜ್ಜಿ. ಮುಂದಿನ ತಿಂಗಳು ಫೀ ಕಟ್ಟಬೇಕು."

ಸತ್ತವರಿಗೆ ಫೀ ಎಲ್ಲಿಯದು ಎಂದು ಯೋಚಿಸಿದಾಗ ತಿಳಿಯಿತು, ಇವಳು ಮೊಮ್ಮಗಳು. ಕೊಟ್ಟೂರಿನಲ್ಲಿ ಬಿ.ಎ. ಮುಗಿಸಿದ್ದಳು. ಪುರಾತತ್ವ ಓದಬೇಕೆಂದು ಇಲ್ಲಿ ವಡೋದರದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಸೀಟೂ ಸಿಕ್ಕಿತ್ತು. ಅವಳಪ್ಪ, ಅಂದರೆ ನನ್ನ ಅಣ್ಣನ ಮಗ, ನನಗೆ ಸೋದರಳಿಯ, ಬಿ.ಇಡಿ. ಮಾಡಿದರೆ ಮಾತ್ರ ಕೊಡುತ್ತೇನೆ, ಇದಕ್ಕೆ ಒಂದು ಪೈಸೆಯೂ ಇಲ್ಲ ಎಂದು ಕುಳಿತಿದ್ದ. ನನ್ನ ಪಿಂಚಣಿ ಗುಳಿಗೆಗೆ ಸರಿಹೋಗುತ್ತದೆ. ಅವಳಿಗೆ ಊಟ, ಹಾಸಿಗೆ ನಾನು ಕೊಡಬಲ್ಲೆ. ಫೀ ನನ್ನ ಕೈಲಾಗದು. ಹಾಗೆಂದು ಹೇಳಿ, "ಅಲ್ಲೇ, ನಿನ್ನ ದನಿ ಯಾಕ ಹಂಗ ಕೇಳಸ್ತೈತಿ?" ಎಂದೆ.

"ಜ್ವಾಳದ ಕಣಜದಾಗ ಕುಂತೀನಜ್ಜಿ. ಹೊರಗ ಮಾತಾಡಿದ್ರ ಅಪ್ಪಗ ಗೊತ್ತಾಗತೈತಿ."

"ಅಷ್ಟು ಆಳದಾಗ ಇಳದೀ, ಹೊರಗ ಹ್ಯಾಂಗ ಬರ್ತೀಯೇ?"

ಆ ಕಡೆ ಜೋಳ ಸರಸರ ಜಾರಿದ ಸದ್ದು.

"ಅಪ್ಪಗ ಒಂದು ಫೋನ್ ಮಾಡಜ್ಜಿ. ಬಂದು ಎತ್ತಲಿ."

ಗರಿಗರಿ ಮಂಡಕ್ಕಿ

ಅಳಿಯನಿಗೆ ಈ ಓದಿನ ಮೇಲೆ ಅಷ್ಟು ಸಿಟ್ಟೇಕೆ ಎಂಬುದನ್ನು ಅವನ ಹೆಂಡತಿ ಹೇಳಿದಳು.

ಎರಡು ವರ್ಷದ ಹಿಂದೆ ಹೊಲದಲ್ಲಿ ಕೃಷಿ ಹೊಂಡ ತೋಡುವಾಗ ದೊಡ್ಡ ದೊಡ್ಡ ಚಪ್ಪಡಿ ಕಲ್ಲು ಸಿಕ್ಕವು. ನಾಲ್ಕು ಕಲ್ಲು ನಿಲ್ಲಿಸಿ, ಮೇಲೊಂದು ಮುಚ್ಚಿ, ಪುಟ್ಟ ಕೋಣೆಯ ಹಾಗೆ ಮಾಡಿತ್ತಂತೆ. ಒಳಗೊಂದು ಗಡಿಗೆ, ಮೇಲೆ ಕಪ್ಪು, ಕೆಳಗೆ ಕೆಂಪು, ಮುಟ್ಟಿದರೆ ಕನ್ನಡಿಯಂಥ ನುಣುಪು. ಅಳಿಯನ ಹೆಂಡತಿ ಅದನ್ನು ಮನೆಗೆ ತಂದು, ಒಳಗಿದ್ದ ಬೂದಿಯಂಥ ಮಣ್ಣನ್ನು ತಿಪ್ಪೆಗೆ ಸುರಿದು, ಮೂರು ಸಲ ತೊಳೆದು ಮಂಡಕ್ಕಿ ತುಂಬಿಟ್ಟಳು. ಮಳೆಗಾಲದಲ್ಲಿ ಊರವರ ಮಂಡಕ್ಕಿಯೆಲ್ಲ ಮೆತ್ತಗಾದರೂ ಇವಳದು ಗರಿಗರಿ. ಬಂದವರೆಲ್ಲ ಹೊಗಳಿ ತಿಂದು ಹೋಗುತ್ತಿದ್ದರು.

ಮೊಮ್ಮಗಳು ಕಾಲೇಜಿನಲ್ಲಿ ಯಾರೋ ಪಂಡಿತರು ತೋರಿಸಿದ ಚಿತ್ರಗಳನ್ನು ನೋಡಿ ಬಂದ ದಿನ ಮನೆಮಂದಿಯೆಲ್ಲ ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಗಡಿಗೆಯನ್ನೇ ನೋಡಿ ಹೇಳಿದಳು: "ಯವ್ವಾ, ಇದು ಸತ್ತೋರ ಎಲುಬು ತುಂಬಿ ಹೂಳ್ತಿದ್ದ ಗಡಿಗಿ. ಎರಡು ಸಾವಿರ ವರ್ಷದ್ದು."

ಎಲ್ಲರ ಕೈ ಬಾಯಿಯ ಹತ್ತಿರವೇ ನಿಂತವು. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ನುಗ್ಗಿ ಗಡಿಗೆಯ ಬಾಯಿ ಸವರಿತು. ಮೂಲೆಯಲ್ಲಿ ಕುಳಿತ ಗಡಿಗೆ ನಿಧಾನವಾಗಿ "ಹೂಂ" ಎಂದಿತು.

ಎದ್ದು ಓಡಿದವರು ಅಂಗಳದಲ್ಲಿ ನಿಂತರು. ಮಂಡಕ್ಕಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಎಸೆದು ಬಾ ಎಂದರೆ ಮೊಮ್ಮಗಳು ಎಸೆಯದೆ ಹಟ್ಟಿಗೆ ಒಯ್ದು ಕುರಿಗಳಿಗೆ ಹಾಕಿದಳು. ಅವಳಪ್ಪ ಅಂಗಳದಲ್ಲಿ ನಿಂತೇ ತೀರ್ಮಾನ ಹೇಳಿದ:

"ಅದಕ್ಕ ನಾ ಹೇಳೋದು, ಇಂಥ ಓದು ಬ್ಯಾಡ ಅಂತ. ಗೊತ್ತಿಲ್ಲದಾಗ ಮಂಡಕ್ಕಿ ಎಷ್ಟು ಚಲೋ ಇದ್ವು!"

ದವಡೆ

ಓದಿನ ಮಾತು ನಿಲ್ಲಬೇಕಾದರೆ ಮದುವೆ ಮಾಡುವುದೇ ಸರಿ ಎಂದು ಅಳಿಯ ಗಂಡಿನ ಕಡೆಯವರನ್ನು ಕರೆಸಿದ. ಹಡಗಲಿ ಕಡೆಯವರು; ಹುಡುಗನಿಗೆ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ.

ಹುಡುಗಿಯನ್ನು ತಂದು ಕೂರಿಸಿದರು. ಅವಳು ಹುಡುಗನನ್ನು ನೋಡಲಿಲ್ಲ. ಹುಡುಗನ ತಾಯಿಯ ಮುಖವನ್ನೇ ಎವೆಯಿಕ್ಕದೆ ನೋಡತೊಡಗಿದಳು. ಒಂದು ನಿಮಿಷವಾಯಿತು, ಎರಡಾಯಿತು. ಆ ತಾಯಿ ಸೆರಗು ಸರಿಮಾಡಿಕೊಂಡು, "ಯಾಕವ್ವಾ ಹಂಗ ನೋಡ್ತಿ?" ಎಂದಳು.

"ನಿಮ್ಮ ದವಡಿ ಎಲುಬು ಬಾಳ ಚಲೋ ಐತ್ರಿ."

ಆಕೆಗೆ ಖುಷಿಯಾಯಿತು. "ಹೌದೇನು? ನಮ್ಮ ತವರಮನಿ ಕಡಿ ಎಲ್ಲಾರದೂ ಹಿಂಗ."

"ಹ್ಞೂಂರಿ. ಹೂಳಿದ್ರ ಎರಡು ಸಾವಿರ ವರ್ಷ ಕೆಡಂಗಿಲ್ರಿ."

ಆ ತಾಯಿ ಮೆಲ್ಲಗೆ ಕೈ ಎತ್ತಿ ತನ್ನ ದವಡೆ ಮುಟ್ಟಿ ನೋಡಿಕೊಂಡಳು. ಚಹಾ ಅರ್ಧಕ್ಕೇ ಬಿಟ್ಟು ಎಲ್ಲರೂ ಎದ್ದರು.

ಎಂಟು ದಿನದ ಮೇಲೆ ಆ ತಾಯಿ ನಡುವಿನವನ ಕೈಯಲ್ಲಿ ಹೇಳಿ ಕಳಿಸಿದಳಂತೆ: "ಹುಡುಗಿ ನಮಗ ಬ್ಯಾಡ. ಆದ್ರ ನಮ್ಮ ಯಜಮಾನರದು ಒಂದು ಫೋಟೋ ಕಳಿಸೀವಿ. ಇವರ ದವಡಿ ಹ್ಯಾಂಗೈತಿ ಕೇಳಿ ಹೇಳ್ರಿ."

ಮಟಮಟ ಮಧ್ಯಾಹ್ನ

ಫೀ ಕಟ್ಟುವ ಕೊನೆಯ ದಿನಕ್ಕೆ ಎರಡು ವಾರ ಉಳಿದಾಗ, ಫೋನಿನಲ್ಲಿ ಆಗದು ಎಂದು ನಾನೇ ಹೊರಟೆ. ಹೊಸಪೇಟೆಯಲ್ಲಿ ರೈಲು ಇಳಿದು, ಕೂಡ್ಲಿಗಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಊರಿನ ಕ್ರಾಸಿಗೆ ಮುಟ್ಟಿದಾಗ ನಡುಮಧ್ಯಾಹ್ನ. ನಮ್ಮ ಹೊಲದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ನಮ್ಮವ್ವನ ಗೋರಿ ಇದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಅಲ್ಲೇ ಕುಳಿತೆ. ಎಲೆ ಅಲುಗುತ್ತಿರಲಿಲ್ಲ. ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ಸದ್ದಿಲ್ಲದೆ ನಿಂತಿದ್ದವು, ನೂರು ಮೈಗೆ ಒಂದೂ ತಲೆ ಇಲ್ಲದ ಹಾಗೆ.

ಮರದ ಆ ಬದಿಗೆ ನಮ್ಮ ಮನೆಯ ಕುರಿ ಕಾಯುವ ಮುದುಕ ಕಂಬಳಿ ಹೊದ್ದು ಮಲಗಿದ್ದ. ಹುಡುಗನಾಗಿದ್ದಾಗಿನಿಂದ ನಮ್ಮಲ್ಲೇ ಇರುವವನು. ನಾನು ಸಲುಗೆಯಿಂದ, "ಏನಲೇ, ಕುರಿ ಎಲ್ಲಾ ಅದಾವೇನು?" ಎಂದೆ. ನಮ್ಮವ್ವ ದಿನಾ ಕೇಳುತ್ತಿದ್ದ ಮಾತು ಅದು. ಈಗ ನನ್ನ ವಯಸ್ಸೂ, ಮುಖವೂ ಅವಳದೇ ಆಗಿವೆ ಎಂಬುದು ನನಗೆ ಹೊಳೆದಿರಲಿಲ್ಲ.

ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ, ಗೋರಿ ನೋಡಿದ. ಕಂಬಳಿಯೊಳಗೇ ಕೈ ಮುಗಿದ.

"ನನ್ನ ತಪ್ಪಿಲ್ಲ ಯವ್ವಾ! ಮಗಳ ಕುರಿ ಮಾರಬ್ಯಾಡ್ರಿ ಅಂತ ನೀ ಹೇಳಿದ್ದಿ. ನಾನೂ ಬ್ಯಾಡ ಅಂದೆ. ನಿನ್ನ ಮೊಮ್ಮಗ ಕೇಳಲಿಲ್ಲ. ಮಾರಿ ಬೈಕ್ ತಗೊಂಡ. ಕೆಂಪಂದು ಯವ್ವಾ!"

ಆಗ ನೆನಪಾಯಿತು. ನಮ್ಮಲ್ಲಿ ಹೆಣ್ಣು ಹುಟ್ಟಿದರೆ ಅವಳ ಹೆಸರಿಗೆ ಒಂದು ಹೆಣ್ಣು ಕುರಿಮರಿ ಬಿಡುತ್ತಿದ್ದರು. ಅದು ಈದ ಮರಿ, ಆ ಮರಿ ಈದ ಮರಿ, ಎಲ್ಲ ಅವಳವೇ. ಗುಜರಾತಿನ ರೈಲಿಗೆ ಕುರಿ ಹತ್ತಿಸುವುದಾಗದೆ ನನ್ನವು ತವರಿನಲ್ಲೇ ಉಳಿದಿದ್ದವು. ನಾನು ಮರೆತೇ ಬಿಟ್ಟಿದ್ದೆ.

ತಪ್ಪೋ ಸರಿಯೋ, ನಾನು ಮುಖ ಬಿಗಿದುಕೊಂಡು, "ಮತ್ತ?" ಎಂದೆ.

"ಹೋದ ವರ್ಷ ಮನಿಗೆ ಟೈಲ್ಸ್ ಹಾಕ್ಸ್ಯಾನ."

"ಮತ್ತ?"

ಅವನು ತಲೆ ತಗ್ಗಿಸಿದ. "ನಾನೂ... ಒಂದ ಒಂದು ಟಗರು ಮಾರೀನಿ ಯವ್ವಾ. ಸಣ್ಣದು."

ಅಷ್ಟರಲ್ಲಿ ನನ್ನ ಚೀಲದೊಳಗಿನ ಫೋನು ರಿಂಗಾಯಿತು. ಮುದುಕ ಬೆಚ್ಚಿಬಿದ್ದು, ಕಂಬಳಿಯ ಅಂಚಿನಿಂದ ಇಣುಕಿ ಕೇಳಿದ:

"ಅಲ್ಲೂ ನೆಟ್‌ವರ್ಕ್ ಸಿಗತೈತೇನು ಯವ್ವಾ?"

ಕರೆದರೆ ಬಂದವು

ಮನೆಗೆ ಹೋಗಿ ಅಳಿಯನಿಗೆ ನೇರವಾಗಿ ಹೇಳಿದೆ. "ಬೈಕ್, ಟೈಲ್ಸ್ ನಾ ಕೇಳಂಗಿಲ್ಲ. ಉಳಿದ ನನ್ನ ಕುರಿ ಮಾರಿ ಈ ಹುಡುಗಿ ಫೀ ಕಟ್ಟು."

ಅವನು ಮೊದಲು ಬೆವರಿದ, ಆಮೇಲೆ ನಕ್ಕ. "ಅತ್ತಿ, ಹಿಂಡಿನ್ಯಾಗ ನಿನ್ನವು ಯಾವು, ನನ್ನವು ಯಾವು? ಐವತ್ತು ವರ್ಷದಾಗ ಎಲ್ಲಾ ಕಲತು ಹೋಗ್ಯಾವು."

"ಮತ್ತ ಹ್ಯಾಂಗ?"

ಅವನು ದೇವರ ಮುಂದಿನ ಭಂಡಾರದ ಅರಿಶಿನ ಕೈಯಲ್ಲಿ ಹಿಡಿದ. "ಮೈಲಾರಲಿಂಗನ ಆಣಿ. ಸಂಜಿಗೆ ಹಟ್ಟಿ ಮುಂದ ನಿಂತು ಕರಿ. ಕರೆದ್ರ ಬಂದವು ನಿನ್ನವು."

ಕುರಿ ಹೊಸಬರ ದನಿಗೆ ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿತ್ತು. "ನನ್ನ ದನಿ ಬಿದ್ದುಹೋಗೈತಲ್ಲಪ್ಪಾ" ಎಂದೆ.

"ಯಾರ ಕರೆದ್ರೂ ಆತು ತಗೋ. ಸತ್ತ ನಮ್ಮಜ್ಜಿ ಎದ್ದು ಬಂದು ಕರೆದ್ರೂ ಆತು."

ಸಂಜೆ ಹಿಂಡು ಬಂತು. ಧೂಳಿನಲ್ಲಿ ಸೂರ್ಯ ರಕ್ತದ ಬಣ್ಣಕ್ಕೆ ತಿರುಗಿದ್ದ. ನಮ್ಮವ್ವ ಕುರಿಗಳನ್ನು ಕರೆಯುತ್ತಿದ್ದುದು ನೆನಪಿತ್ತು. ಕುರಿಗೂ ನನಗೂ ಅವಳದು ಒಂದೇ ಕೂಗು. "ಬಾರೇ ನನ್ನವ್ವಾ... ಮನಿಗೆ ಬಾರೇ..." ಎಂದು ಕೂಗಿದೆ. ಒಂದು ಕುರಿಯೂ ಕಿವಿ ಅಲ್ಲಾಡಿಸಲಿಲ್ಲ. ಇನ್ನೊಮ್ಮೆ ಕೂಗಿದೆ. ಕೆಮ್ಮು ಬಂತು. ಅಳಿಯ ಭಂಡಾರ ಹಿಡಿದು ನಿಂತು ಮೀಸೆಯಲ್ಲೇ ನಗುತ್ತಿದ್ದ.

ಆಗ ನಮ್ಮ ಬೆನ್ನ ಹಿಂದೆ, ಹಾಳುಬಿದ್ದ ಕಲ್ಲುಗೋಡೆಯ ಆಚೆಯಿಂದ, ನಮ್ಮವ್ವ ಕರೆದಳು.

"ಬಾರೇ ನನ್ನವ್ವಾ... ಮನಿಗೆ ಬಾರೇ..."

ಇಡೀ ಹಿಂಡು ಒಮ್ಮೆಗೇ ತಲೆ ಎತ್ತಿತು. ಆ ಕಣ್ಣುಗಳಲ್ಲೆಲ್ಲ ಕೆಂಪು ಬೆಳಕು. ಒಂದೂ ಒದರಲಿಲ್ಲ. ನಮ್ಮ ಅಕ್ಕಪಕ್ಕದಿಂದ ನೀರು ಹರಿದಂತೆ ಹರಿದು ಗೋಡೆಯ ಕಡೆ ನಡೆದವು. ಗೊರಸಿನ ಸದ್ದೊಂದೇ. ಅಳಿಯನ ಕೈಯಿಂದ ಭಂಡಾರ ಉದುರಿತು. ಕುರಿ ಕಾಯುವ ಮುದುಕ ನೆಲಕ್ಕೆ ಅಡ್ಡಬಿದ್ದು, "ಯವ್ವಾ, ಟಗರಿನ ಸುದ್ದಿ ಮಾತ್ರ ಇವಗ ಹೇಳಬ್ಯಾಡ!" ಎಂದು ಅಂಗಲಾಚತೊಡಗಿದ.

ಗೋಡೆಯ ಹಿಂದೆ ಕುರಿಗಳ ನಡುವೆ ಮೊಮ್ಮಗಳು ಮೊರದ ತುಂಬ ಮಂಡಕ್ಕಿ ಹಿಡಿದು ನಿಂತಿದ್ದಳು. ಆ ಗಡಿಗೆಯ ದಿನದಿಂದ ಸಂಜೆಗೊಮ್ಮೆ ಅವಕ್ಕೆ ಮಂಡಕ್ಕಿ ಹಾಕುವುದನ್ನು ರೂಢಿ ಮಾಡಿಕೊಂಡಿದ್ದಳಂತೆ. ಕೂಗನ್ನು ಆ ಮುದುಕನಿಂದಲೇ ಕಲಿತಿದ್ದಳು.

ಅಳಿಯನಿಗೆ ಜೀವ ಬಂತು. "ಇವು ಮಂಡಕ್ಕಿಗೆ ಬಂದಾವು! ಇದು ಮೋಸ!"

ಮುದುಕ ಮೈ ಕೊಡವಿಕೊಂಡು ಎದ್ದ. ದೆವ್ವವಲ್ಲ ಎಂದು ತಿಳಿದು ಅವನಿಗೂ ಧೈರ್ಯ ಬಂದಿತ್ತು. "ತಮ್ಮಾ, ಭಂಡಾರ ಹಿಡದು 'ಕರೆದ್ರ ಬಂದವು' ಅಂದಿ. ಯಾತಕ್ಕ ಬರಬೇಕು ಅಂತ ನೀ ಅಂದಿಲ್ಲ."

ಸಂಜೆಯ ಫೋನು

ಇಡೀ ಹಿಂಡು ನನ್ನದಾಯಿತು. ಫೀಗೆ ಬೇಕಾದಷ್ಟನ್ನು ಮಾತ್ರ ಸಂತೆಗೆ ಹೊಡೆಸಿ ಮಾರಿಸಿದೆ. ಉಳಿದವನ್ನು ಮೇಯಿಸಿಕೊಂಡಿರು ಎಂದು ಅಳಿಯನಿಗೇ ಬಿಟ್ಟೆ. ಕೊನೆಯ ದಿನಕ್ಕೆ ಮೊದಲೇ ಫೀ ಕಟ್ಟಿ, ಮೊಮ್ಮಗಳು ನನ್ನ ಜೊತೆ ವಡೋದರಕ್ಕೆ ಬಂದಳು. ಅವಳಪ್ಪ ಬಸ್ಸಿನ ತನಕ ಬಂದನೇ ಹೊರತು ಮಾತಾಡಲಿಲ್ಲ. ಹದಿನೈದು ದಿನ ಫೋನೂ ಇಲ್ಲ. ಅವಳು ದಿನಾ ಫೋನು ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ.

ಹದಿನಾರನೆಯ ದಿನ, ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಹೇಗಿದ್ದೀ, ಉಂಡೆಯಾ ಏನೂ ಇಲ್ಲ.

"ಕುರಿ ಕರಿ."

"ಏನಪ್ಪಾ?"

"ನೀ ಹೋದಾಗಿಂದ ಒಂದೂ ಹಟ್ಟಿ ಸೇರವಲ್ಲವು. ಆ ಗ್ವಾಡಿ ಕಡಿ ಮಕ ಮಾಡಿ ಕತ್ತಲಾಗತನಕ ಸುಮ್ಮನ ನಿಂದರ್ತಾವು. ನನಗ ನೋಡಾಕಾಗವಲ್ದು. ಸ್ಪೀಕರ್ ಇಟ್ಟೀನಿ, ಕರಿ."

ಅಂದಿನಿಂದ ದಿನಾ ಸಂಜೆ ಇದೇ. ಕೂಡ್ಲಿಗಿಯ ಕುರಿಗಳು ಗುಜರಾತಿನಿಂದ ಬರುವ ದನಿಗೆ ಹಟ್ಟಿ ಸೇರುತ್ತವೆ. ಓದಿಗೆ ಒಂದು ಪೈಸೆ ಕೊಡೆನೆಂದವನು ಅವಳ ಫೋನಿಗೆ ತಾನೇ ರೀಚಾರ್ಜ್ ಮಾಡಿಸುತ್ತಾನೆ. ಕೇಳಿದರೆ, "ಅದು ಕುರಿ ಖರ್ಚು" ಎನ್ನುತ್ತಾನೆ. ಮೊನ್ನೆ ಫೋನು ಇಡುವ ಮೊದಲು ಗಂಟಲು ಸರಿಮಾಡಿಕೊಂಡು, "ಇವತ್ತ ಯಾವ ಎಲುಬು ತೋರ್ಸಿದ್ರು?" ಎಂದು ಕೇಳಿದನಂತೆ.

ತೊಂದರೆ ಏನಿದ್ದರೂ ನನಗೇ. ಸಂಜೆ ಅಡಿಗೆಮನೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುತ್ತಿರುತ್ತೇನೆ. ಹೊರಗೆ ಬೆಳಕು ಇಳಿಯುತ್ತಿರುತ್ತದೆ. ಒಳಕೋಣೆಯಿಂದ ನಮ್ಮವ್ವ ಕರೆಯುತ್ತಾಳೆ: "ಬಾರೇ ನನ್ನವ್ವಾ... ಮನಿಗೆ ಬಾರೇ..." ಸತ್ತವರ ದನಿಯಲ್ಲ, ಮೊಮ್ಮಗಳದು ಎಂದು ಚೆನ್ನಾಗಿ ಗೊತ್ತು. ಆದರೂ ಮೈಯೆಲ್ಲ ಜುಮ್ಮೆಂದು, ಹಿಟ್ಟಿನ ಕೈಯಲ್ಲೇ ಎದ್ದು, ಚಪ್ಪಲಿ ಹುಡುಕುತ್ತ ಬಾಗಿಲ ತನಕ ಹೋಗಿರುತ್ತೇನೆ.

ಮೊಮ್ಮಗಳು ಫೋನಿನ ಮೇಲೆ ಕೈ ಮುಚ್ಚಿ ಹೇಳುತ್ತಾಳೆ:

"ನಿನಗಲ್ಲಜ್ಜಿ. ಕುಂದ್ರು."