ಜೋಗುಳದ ಡಿಸ್ಕು, ಹಾಳು ಮೆಕ್ಯಾನಿಕ್ಕು

ಮನ್ಮಥಪ್ಪನವರ ಬಲಗಿವಿ ಸಾಮಾನ್ಯ ಕಿವಿಯಲ್ಲ. ವಾಳೂಜಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಯಂತ್ರಗಳ ಎದೆಬಡಿತ ಆಲಿಸಿದ ಕಿವಿ! ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕಿಟ್ಟು, ಹಿಡಿಯನ್ನು ಕಿವಿಗೊತ್ತಿ ಅವರು ಕಣ್ಣು ಮುಚ್ಚಿದರೆ ಇಡೀ ಶೆಡ್ಡು ಉಸಿರು ಬಿಗಿಹಿಡಿಯುತ್ತಿತ್ತು. "ಬೇರಿಂಗು" ಎನ್ನುತ್ತಿದ್ದರು. ಬೇರಿಂಗೇ ಆಗಿರುತ್ತಿತ್ತು. ಅಲ್ಲದಿದ್ದಾಗಲೂ ಬೇರಿಂಗನ್ನೇ ಬದಲಿಸುತ್ತಿದ್ದರು; ಅಂಥ ಕಿವಿಗೆ ಅವಮಾನವಾಗಬಾರದಲ್ಲ!

ಅಂಥವರ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕು ಒಂದು ಬೆಳಿಗ್ಗೆ ಹಲ್ಲಿಯ ಹಾಗೆ "ಟಿಕ್... ಟಿಕ್" ಎಂದು ಲೊಚಗುಟ್ಟಿ ಮುಷ್ಕರ ಹೂಡಿತು. ಅದರೊಳಗೆ ಅತ್ತೆ, ಅಂದರೆ ಹೆಂಡತಿಯ ತಾಯಿ ದಾನಮ್ಮ, ತೀರಿಕೊಳ್ಳುವ ಮುನ್ನ ಹಾಡಿದ್ದ ಜೋಗುಳವಿತ್ತು. ಬೇರೆಲ್ಲೂ ಅದರ ಪ್ರತಿ ಇಲ್ಲ. ಭಾನುವಾರ ನಾಸಿಕದಲ್ಲಿ ಮಗಳು ವಿಜಯಶ್ರೀಯ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಮುತ್ತಜ್ಜಿಯ ದನಿಯೇ ಕೇಳಬೇಕು ಎಂಬುದು ಹೆಂಡತಿ ಚನ್ನಮ್ಮನವರ ಹಟ.

"ಅಂಗಡಿಗಿ ಒಯ್ಯಿರಿ. ನೀವು ಕೈ ಹಚ್ಚಬ್ಯಾಡ್ರಿ."

"ಅಂಗಡಿ ಯಾಕ? ನಾ ಸತ್ತೀನೇನು?"

ಚನ್ನಮ್ಮ ಪೇಟೆಗೆ ಹೋದದ್ದೇ ತಡ, ಶಸ್ತ್ರಚಿಕಿತ್ಸೆ ಶುರು! ಧೂಳು ಡಿಸ್ಕಿನ ಶತ್ರುವೆಂದು ಮನ್ಮಥಪ್ಪ ಬಲ್ಲರು. ಮನೆಯಲ್ಲಿ ಧೂಳಿಲ್ಲದ ಜಾಗ ಯಾವುದು? ದೇವರ ಕೋಣೆ! ಸ್ನಾನ ಮಾಡಿ, ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದು, ಕೂತು ಮುಚ್ಚಳ ಬಿಚ್ಚಿದರು. ಒಳಗಿನ ತಟ್ಟೆ ಕನ್ನಡಿಯಂತೆ ಹೊಳೆಯಿತು. ಕಿವಿ ಕೊಡಲೆಂದು ಬಾಗಿದರು. ಹಣೆಯ ವಿಭೂತಿ ಸುರುಸುರು ಉದುರಿತು. ಗಾಬರಿಯಾಗಿ "ಉಫ್" ಎಂದು ಊದಿದರು. ಇನ್ನಷ್ಟು ಹರಡಿತು. ಧೋತರದ ಚುಂಗಿನಿಂದ ಒರೆಸಿದರು. ಕನ್ನಡಿಯ ಮೇಲೆ ಎತ್ತಿನ ಗಾಡಿ ಹಾದಂತೆ ಗೆರೆಗಳೆದ್ದವು!

ಆಮೇಲೆ ಡಿಸ್ಕು ಟಿಕ್ ಅನ್ನುವ ಸೌಜನ್ಯವನ್ನೂ ಬಿಟ್ಟಿತು.

"ಏನಾತ್ರೀ?" ಎಂದರು ಚನ್ನಮ್ಮ, ಚೀಲ ಇಳಿಸುತ್ತ.

"ಅಂಗಡಿಗಿ ಒಯ್ದಿದ್ದೆ. ಅಲ್ಲಿ ಒಬ್ಬ ಮೆಕ್ಯಾನಿಕ್ ಬಿಚ್ಚಿ ಕೆಡಿಸಿಬಿಟ್ಟ."

ಈ ಮಾತು ಬಾಯಿಂದ ಹೇಗೆ ಬಂತೋ, ಶಿವನೇ ಬಲ್ಲ!

ನಾಸಿಕದಲ್ಲಿ ಕಲಬುರಗಿ ಕಡೆಯ ರವಿಕುಮಾರ ಎಂಬುವನು ಸತ್ತ ಡಿಸ್ಕುಗಳಿಂದಲೂ ಮಾಹಿತಿ ತೆಗೆಯುತ್ತಾನೆಂದು ಮಗಳು ಫೋನಿನಲ್ಲಿ ಹೇಳಿದಳು. ಡಿಸ್ಕನ್ನೂ ಅದರ ವೈರನ್ನೂ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಶನಿವಾರ ಇಬ್ಬರೂ ನಾಸಿಕದ ರೈಲು ಹತ್ತಿದರು. ದೌಲತಾಬಾದ್ ದಾಟುವ ಮೊದಲೇ ಚನ್ನಮ್ಮನವರ ಶಾಪ ಶುರುವಾಯಿತು.

"ಆ ಮೆಕ್ಯಾನಿಕನ ಕೈ ಸೇದಿ ಹೋಗ್ಲಿ!"

"ಹೋಗ್ಲಿ," ಎಂದು ಮನ್ಮಥಪ್ಪ ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿದರು.

"ಗಂಟಲಾಗ ತುತ್ತು ಇಳೀಬಾರದು ಅವಂಗ!"

"ಇಳೀಬಾರದು." ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಮನ್ಮಾಡ್ ಸ್ಟೇಷನ್ನಿನಲ್ಲಿ ಚನ್ನಮ್ಮನವರಿಗೆ ಕನಿಕರ ಉಕ್ಕಿತು. "ಇಂಥವನ ಜೋಡಿ ಅವನ ಹೇಣ್ತಿ ಹ್ಯಾಂಗ ಬಾಳ್ವಿ ಮಾಡ್ತಾಳೋ, ಪಾಪ!"

"ಭಾಳ ತಾಳ್ಮಿ ಇರಬೇಕು ಆಕಿಗೆ." ಇದೊಂದನ್ನು ಮಾತ್ರ ಅವರು ಮನಸಾರೆ ಹೇಳಿದರು.

ನಾಸಿಕದ ತನ್ನ ಅಂಗಡಿಯಲ್ಲಿ ರವಿಕುಮಾರ ಡಿಸ್ಕನ್ನು ಭೂತಗನ್ನಡಿಯಲ್ಲಿ ನೋಡಿ ಚನ್ನಮ್ಮನವರತ್ತ ತಲೆಯಾಡಿಸಿದ. "ಇಲ್ರಿ ಕಾಕು. ತಟ್ಟಿ ಪೂರಾ ಗೀರಿ ಹೋಗ್ಯಾದ. ಹಾಡು ಬರಂಗಿಲ್ಲ." ಆಮೇಲೆ ಏನನ್ನಿಸಿತೋ, ಅವರ ವೈರನ್ನು ತನ್ನದೊಂದು ಹೊಸ ಡಿಸ್ಕಿಗೆ ಜೋಡಿಸಿದ.

ಟಿಕ್... ಟಿಕ್.

"ನೋಡ್ರಿ! ಸಡಿಲ ಇದ್ದದ್ದು ಈ ವೈರು. ನಿಮ್ಮ ಡಿಸ್ಕಿಗಿ ಏನೂ ಆಗಿರ್ಲಿಲ್ಲ. ಬಿಚ್ಚದೇ ತಂದಿದ್ರ ಹಾಡು ಇವತ್ತೇ ಕೇಳ್ತಿದ್ರಿ."

ಚನ್ನಮ್ಮ ಈ ಸಲ ಶಪಿಸಲಿಲ್ಲ. "ಅವ್ವನ ದನಿ ಇನ್ನ ಇಲ್ಲಂದಂಗ," ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ದೌಲತಾಬಾದಿನಿಂದ ನಾಸಿಕದವರೆಗಿನ ಶಾಪವನ್ನೆಲ್ಲ ತಾಳಿಕೊಂಡಿದ್ದ ಮನ್ಮಥಪ್ಪನವರಿಗೆ ಇದನ್ನು ತಾಳಲಾಗಲಿಲ್ಲ.

ರವಿಕುಮಾರನಿಗೂ ಸಿಟ್ಟು ಬಂದಿತ್ತು. ಫೋನು ಕೈಗೆತ್ತಿಕೊಂಡ. "ಅಂಥವರಿಗಿ ಬಿಡಬಾರದು ಕಾಕಾ. ಆ ಮೆಕ್ಯಾನಿಕನ ಹೆಸರು ಹೇಳ್ರಿ. ನಮ್ಮ ಗ್ರೂಪಿಗಿ ಹಾಕ್ತೀನಿ, ಇನ್ನೊಬ್ಬರು ಮೋಸ ಹೋಗಬಾರದು."

"ಹೇಳ್ರಿ," ಎಂದರು ಚನ್ನಮ್ಮ. "ಹೆಸರು ಗೊತ್ತದಲ್ಲ?"

"ಗೊತ್ತದ," ಎಂದರು ಅವರು ನೆಲ ನೋಡುತ್ತ. "ಮನ್ಮಥಪ್ಪ."