ಜಂತಿಗೆ ತೂಗಿದ ಗಿಟಾರು

ಕಳೆದುಹೋದ ವಸ್ತುವಿನ ಮೇಲೆ ಮನುಷ್ಯನಿಗೆ ಸಿಟ್ಟು ಬಹಳ ಕಾಲ ಉಳಿಯುವುದಿಲ್ಲ. ನಾಲ್ಕು ದಿನ ಹುಡುಕಿ ಸುಮ್ಮನಾಗುತ್ತಾನೆ. ಅತಿ ಜೋಪಾನವಾಗಿ ಇಟ್ಟ ವಸ್ತುವಿನ ಸಂಗತಿ ಹಾಗಲ್ಲ. ನನ್ನ ಗಿಟಾರಿನ ಮೇಲಿನ ಸಿಟ್ಟು ಇದನ್ನು ಬರೆಯುವ ಹೊತ್ತಿಗೂ ಬಿಸಿಯಾಗಿಯೇ ಇದೆ.

ಹೈದರಾಬಾದಿನಲ್ಲಿ ಓದುವಾಗ, ಊರು ಬಿಟ್ಟು ಹೊರಟಿದ್ದ ಬ್ಯಾಂಡಿನವನೊಬ್ಬ ಅದನ್ನು ನನಗೆ ಕೊಟ್ಟು ಹೋದ. ಕಾಲೇಜಿನಿಂದ ನಾನು ತಂದದ್ದು ಎರಡೇ: ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದೆಂಬ ಬುದ್ಧಿ, ಗಿಟಾರಿನ ಮೇಲೆ ಒಂದೂವರೆ ಹಾಡು. ಗುಲ್ಬರ್ಗಾದಲ್ಲಿ ನಿಜಾಮ ಸರ್ಕಾರದ ಕಚೇರಿಯಲ್ಲಿ ನೌಕರಿ ಸಿಕ್ಕಿತು. ಆದರೆ ಅಲ್ಲಿಯ ಬಾಡಿಗೆ ಮನೆಯ ಮಾಲೀಕನಿಗೆ ಸಂಗೀತವೆಂದರೆ ಮೈಯೆಲ್ಲ ಉರಿ. ಹೀಗಾಗಿ ಗಿಟಾರನ್ನು ಯಲಬುರ್ಗಿಯಲ್ಲಿ, ನನ್ನನ್ನು ಸಾಕಿದ ದೊಡ್ಡವ್ವನ ಹತ್ತಿರ ಬಿಟ್ಟೆ. ತಂತಿಗಳನ್ನು ನಾನೇ ಸಡಿಲಿಸಿ ಒಂದು ಉಪನ್ಯಾಸವನ್ನೂ ಕೊಟ್ಟೆ: ನೆಲಕ್ಕೆ ತಾಗಬಾರದು, ಥಂಡಿ ಹತ್ತಬಾರದು, ಇಲಿ ಮುಟ್ಟಬಾರದು, ಹುಳ ಬೀಳಬಾರದು. ದೊಡ್ಡವ್ವ ಎಲ್ಲದಕ್ಕೂ "ಹೂಂ" ಎಂದಳು. ಲೋಕದಲ್ಲಿ ಹೂಂ ಎನ್ನುವವರ ಬಗ್ಗೆ ಎಚ್ಚರವಾಗಿರಬೇಕು. ವಾದ ಮಾಡುವವರು ಎಷ್ಟೋ ವಾಸಿ.

ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಗಂಗಾವತಿಯವಳು. ನನ್ನ ವಾದನದ ವರ್ಣನೆ ಕೇಳಿ ಕೇಳಿ, ಅಂಥ ವಸ್ತುವೊಂದು ನಿಜವಾಗಿ ಇದೆಯೇ ಎಂದು ಅವಳಿಗೆ ಅನುಮಾನ ಬಂದಿತ್ತು. ಅನುಮಾನಪಡುವುದು ನನ್ನ ಕಸುಬು. ಅದೇ ಮನೆಯಲ್ಲಿ ಇನ್ನೊಬ್ಬರು ಆ ಕಸುಬಿಗೆ ಇಳಿದರೆ ಹೇಗೆ? ಅವಳ ಮುಂದೆ ನುಡಿಸಿಯೇ ತೀರಬೇಕಿತ್ತು. ಕೈಕಾಲು ತೊಳೆದವನೇ ಗಿಟಾರು ಕೇಳಿದೆ. ದೊಡ್ಡವ್ವ ಅಡಿಗೆಮನೆಯ ಜಂತಿಯತ್ತ ಕೈ ಮಾಡಿದಳು. ಒಲೆಯ ನೇರ ಮೇಲೆ, ಹೊಗೆಗೆ ಕಪ್ಪಾಗಿ, ಹಗ್ಗದಲ್ಲಿ ತೂಗುತ್ತಿತ್ತು. ಅದರ ದುಂಡು ಬಾಯಿಗೆ ಅರಿವೆ ತುರುಕಿ, ಮಣ್ಣು ಸಗಣಿ ಮೆತ್ತಿ, ನೀಟಾಗಿ ಸಾರಿಸಿತ್ತು.

"ಇದೇನ ಮಾಡೀದಿ ದೊಡ್ಡವ್ವಾ!"

"ಜ್ವಾಕಿಲೆ ಇಟ್ಟೀನಪಾ. ಸಾವಕಾಶ, ಒಳಗ ಬಿತ್ತೋ ಹೆಸರು ಐತಿ."

"ಹೆಸರುಕಾಳು? ಗಿಟಾರಿನೊಳಗ?"

"ಮತ್ತ? ಖಾಲಿದು ಬಾಯಿ ಮುಚ್ಚಿ ಇಡಬಾರದು, ಮನಿಗೆ ಛಲೋ ಅಲ್ಲ. ಬೂದಿ, ಬೇವಿನ ಎಲಿ ಕೂಡಿಸಿ ತುಂಬೀನಿ."

ಇಳಿಸಲು ಕೈ ಚಾಚಿದೆ. ದೊಡ್ಡವ್ವ ಅಡ್ಡ ನಿಂತಳು. ಆ ವರ್ಷ ಗಡಿಗೆಗಳಲ್ಲಿದ್ದ ಕಾಳೆಲ್ಲ ನುಸಿ ಹತ್ತಿ ಹಿಟ್ಟಾಗಿತ್ತಂತೆ. ಹೊಲಕ್ಕೆ ಉಳಿದ ಬೀಜ ಇದೊಂದೇ. "ಮಳಿ ಬೀಳೋತನಕ ಬಾಯಿ ತಗಿಯಾಂಗಿಲ್ಲ. ನಿನ್ನ ಹಾಡೇನು ಓಡಿ ಹೋಗ್ತೈತಿ? ಬಿತ್ತಿಗಿ ಓಡಿ ಹೋಗ್ತೈತಿ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅತ್ತಿ, ಇದರಾಗಿಂದ ಸಾರಿಗೆ ಒಂದ ಹಿಡಿ ಬರ್ತಾವೇನ್ರಿ?" ಎಂದಳು.

"ಒಳಗ ಏನೂ ತುಂಬಬ್ಯಾಡ ಅಂತ ಹೇಳಿದ್ದೆ!" ಎಂದು ಕೂಗಿದೆ. "ಹೇಳಿಲ್ಲ" ಎಂದಳು ದೊಡ್ಡವ್ವ. ಹೇಳಿದ್ದೆನೇ? ಪುರಾವೆ ಎಲ್ಲಿ? ಉಪನ್ಯಾಸ ಪೂರಾ ನೆನಪಿತ್ತು. ಆ ಒಂದು ಮಾತು ಬಾಯಿಂದ ಬಂದದ್ದೋ, ಕೊಪ್ಪಳದಲ್ಲಿ ರೈಲು ಹತ್ತಿದ ಮೇಲೆ ಹೊಳೆದದ್ದೋ ತಿಳಿಯಲಿಲ್ಲ. ಅಷ್ಟಕ್ಕೂ, ಗಿಟಾರಿಗೆ ಹೆಸರುಕಾಳು ತುಂಬಬೇಡ ಎಂದು ಮುಂಚಿತವಾಗಿ ಎಚ್ಚರಿಸುವ ಬುದ್ಧಿಯನ್ನು ಯಾವ ವಿಶ್ವವಿದ್ಯಾಲಯ ಕಲಿಸುತ್ತದೆ? ನನ್ನ ನೆನಪಿನ ಮೇಲೆ ಬಂದ ಸಿಟ್ಟನ್ನೂ ದೊಡ್ಡವ್ವನ ಲೆಕ್ಕಕ್ಕೇ ಹಾಕಿದೆ. ಊರಿನ ರೈತರೆಲ್ಲ ಮೋಡಕ್ಕೆ ಕೈ ಮುಗಿಯುತ್ತಿದ್ದಾಗ ನಾನೊಬ್ಬನೇ ಕಟ್ಟೆಯ ಮೇಲೆ ಕೂತು ಅದನ್ನು ಬೈಯುತ್ತಿದ್ದೆ.

ರಜೆ ಮುಗಿಯುತ್ತ ಬಂದಾಗ ಮಳೆ ಸುರಿಯಿತು. ಹೊಲ ಹದಕ್ಕೆ ಬಂದ ಬೆಳಗ್ಗೆ ದೊಡ್ಡವ್ವ ಮೆತ್ತಿದ ಮಣ್ಣು ಕೆರೆದಳು. ನಾನು ಗಿಟಾರನ್ನು ಬೋರಲು ಹಿಡಿದು ಅಲುಗಿಸಿದೆ. ಹೆಂಡತಿ ಮೊರ ಹಿಡಿದಳು. ಮೊದಲು ಬೂದಿ ಬಂತು, ನೇರವಾಗಿ ನನ್ನ ಮೂಗಿಗೆ, ಆಮೇಲೆ ಕಾಳು. ಹಸಿರಾಗಿ ಹೊಳೆಯುತ್ತಿದ್ದವು, ಒಂದಕ್ಕೂ ತೂತಿಲ್ಲ. ದೊಡ್ಡವ್ವ ಒಂದು ಹಿಡಿ ತೆಗೆದು ಕಣ್ಣಿಗೆ ಒತ್ತಿಕೊಂಡಳು.

ಗಿಟಾರಿಗೂ ಏನೂ ಆಗಿರಲಿಲ್ಲ, ಮರ ಎಲ್ಲಿಯೂ ಸೀಳಿರಲಿಲ್ಲ. ನನಗೆ ಸಹಿಸಲಾಗದ್ದು ಇದೇ. ಕೆಟ್ಟಿದ್ದರೆ ಮನಸಾರೆ ಬೈಯಬಹುದಿತ್ತು! ಹಲ್ಲು ಕಚ್ಚಿ ತಂತಿ ಬಿಗಿದು ನುಡಿಸಿದೆ. ಒಂದೂವರೆ ಹಾಡಿನಲ್ಲಿ ಒಂದು ಮರೆತುಹೋಗಿತ್ತು. ನುಡಿಸಿದ್ದು ಉಳಿದ ಅರ್ಧವೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಕಾಳುಗಳು ಪ್ರತಿ ಮೀಟಿಗೂ ಗಲಗಲ ಎನ್ನುತ್ತಿದ್ದವು.

"ಮೊದಲಿಗಿಂತ ಛಲೋ ಆಗೈತಿ" ಎಂದಳು ದೊಡ್ಡವ್ವ.

"ಕಾಳು ಭಾಳ ಛಲೋ ಬಾರಿಸ್ತಾವ್ರಿ" ಎಂದಳು ಹೆಂಡತಿ.

ಗುಲ್ಬರ್ಗಾದ ಮಾಲೀಕ ಇನ್ನೂ ಗಟ್ಟಿಮುಟ್ಟಾಗಿದ್ದ, ಆದ್ದರಿಂದ ಗಿಟಾರನ್ನು ಮತ್ತೆ ದೊಡ್ಡವ್ವನ ಹತ್ತಿರವೇ ಬಿಟ್ಟು ಬಂದೆ. ಈಗ ಊರಿಂದ ಬಂದವರು ಒಂದು ಸುದ್ದಿ ತಂದಿದ್ದಾರೆ. ಬಂಡಿ ಹತ್ತುವಾಗ ನಾನೇ ತಿರುಗಿ, "ಹೆಸರು ಸಣ್ಣದು, ಮೂಲ್ಯಾಗ ಸಿಗತೈತಿ. ಈ ಸಲ ಅಲಸಂದಿ ತುಂಬು" ಎಂದೆನಂತೆ, ದೊಡ್ಡವ್ವ ಓಣಿಯಲ್ಲಿ ಕಂಡವರಿಗೆಲ್ಲ ಹೇಳುತ್ತಿದ್ದಾಳಂತೆ. ಓದಿದ ಮನುಷ್ಯ ನಾನು, ಹಾಗೆ ಹೇಳಿರಲಾರೆ. ಖಾತ್ರಿಗಾಗಿ ಹೆಂಡತಿಯನ್ನೇ ಕೇಳಿದೆ: "ನಾನು ಹಂಗ ಅಂದಿಲ್ಲ, ಹೌದಲ್ಲ?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೂಂ" ಎಂದಳು.